ಹೊಸ ಬೆಕ್ಕಿಗೆ ಮೊದಲು ಬೇಕಾದದ್ದು ಒಂದು ಮೂಲೆ

ಬುಟ್ಟಿಯ ಬಾಗಿಲು ತೆರೆದ ಕೂಡಲೇ ಬೆಕ್ಕು ಹೊಟ್ಟೆ ನೆಲಕ್ಕೆ ತಾಗುವಂತೆ ಬಗ್ಗಿ, ಗೋಡೆಯ ಅಂಚನ್ನೇ ಹಿಡಿದು ಓಡಿ, ಬೀರುವಿನ ಹಿಂದಿನ ಸಂದಿಯೊಳಗೆ ಸೇರಿಕೊಳ್ಳುತ್ತದೆ. ಮನೆಮಂದಿಯೆಲ್ಲ ಅದರ ಬೆನ್ನಿಗೇ ಹೋಗಿ ಮಂಡಿಯೂರುತ್ತಾರೆ. ಒಬ್ಬರು ಮೊಬೈಲಿನ ಟಾರ್ಚ್ ಬಿಡುತ್ತಾರೆ, ಇನ್ನೊಬ್ಬರು ಹಾಲಿನ ಬಟ್ಟಲನ್ನು ಒಳಕ್ಕೆ ನೂಕುತ್ತಾರೆ, ಮಕ್ಕಳು "ಬಾ, ಬಾ" ಎಂದು ಕರೆಯುತ್ತಾರೆ. ಅರ್ಧ ಗಂಟೆ ಕಳೆದರೂ ಅದು ಕದಲದಿದ್ದಾಗ ಯಾರಾದರೊಬ್ಬರು ಪೊರಕೆಯ ಹಿಡಿಯಿಂದ ಮೆಲ್ಲಗೆ ತಳ್ಳಿ ಈಚೆ ಬರಿಸಲು ನೋಡುತ್ತಾರೆ. ಎಲ್ಲವೂ ಪ್ರೀತಿಯಿಂದಲೇ ಮಾಡಿದ ಕೆಲಸ. ಆದರೆ ಬೆಕ್ಕಿನ ಕಡೆಯಿಂದ ನೋಡಿದರೆ, ಗುರುತಿಲ್ಲದ ಜಾಗದಲ್ಲಿ ತನಗೆ ಸಿಕ್ಕ ಒಂದೇ ಒಂದು ಅಡಗುತಾಣಕ್ಕೂ ತನಗಿಂತ ಎಷ್ಟೋ ಪಟ್ಟು ದೊಡ್ಡ ಪ್ರಾಣಿಗಳು ಮುತ್ತಿಗೆ ಹಾಕಿವೆ. ಎರಡು ವರ್ಷದ ಹಿಂದೆ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಸಿಕ್ಕ ಬೂದುಬಣ್ಣದ ಹೆಣ್ಣುಬೆಕ್ಕನ್ನು ಮನೆಗೆ ತಂದ ಸಂಜೆ ನಾವೂ ಇದನ್ನೇ ಮಾಡಿದೆವು. ಹಗಲು ಹೊತ್ತಿನಲ್ಲಿ ಅದು ವಾಷಿಂಗ್ ಮೆಷಿನ್ನಿನ ಹಿಂದಿನಿಂದ ಈಚೆ ಬರಲು 9 ದಿನ ಹಿಡಿಯಿತು.

ಈ ಅಡಗುವಿಕೆಯನ್ನು ಅರ್ಥಮಾಡಿಕೊಳ್ಳಲು ಬೆಕ್ಕಿಗೂ ಜಾಗಕ್ಕೂ ಇರುವ ನಂಟನ್ನು ಮೊದಲು ತಿಳಿಯಬೇಕು. ಗೋಣಿಚೀಲದಲ್ಲಿ ಹಾಕಿ ಹೊಳೆಯಾಚೆ ಬಿಟ್ಟುಬಂದ ಬೆಕ್ಕು ನಾಲ್ಕೇ ದಿನದಲ್ಲಿ ಹಿಂತಿರುಗಿ ಒಲೆಯ ಪಕ್ಕ ಮಲಗಿದ್ದ ಕಥೆ ನಮ್ಮ ಹಳ್ಳಿಗಳಲ್ಲಿ ಯಾರ ಬಾಯಲ್ಲಾದರೂ ಕೇಳಸಿಗುತ್ತದೆ. ಅದು ಯಜಮಾನನ ಮೇಲಿನ ಪ್ರೀತಿಗಿಂತ ಹೆಚ್ಚಾಗಿ ಜಾಗದ ಸೆಳೆತ. ನಾಯಿಯ ಪೂರ್ವಜರಾದ ತೋಳಗಳು ಗುಂಪು ಕಟ್ಟಿ ಬೇಟೆಯಾಡುವ ಪ್ರಾಣಿಗಳಾದ್ದರಿಂದ, ಗುಂಪು ಜೊತೆಗಿದ್ದರೆ ನಾಯಿಗೆ ಯಾವ ಊರಾದರೂ ಊರೇ. ಸಾಕುಬೆಕ್ಕಿನ ಪೂರ್ವಜವಾದ ಆಫ್ರಿಕಾದ ಕಾಡುಬೆಕ್ಕಾದರೋ ಒಂಟಿಯಾಗಿ ಬೇಟೆಯಾಡುತ್ತ, ತನ್ನ ಎಲ್ಲೆಯ ಪ್ರತಿಯೊಂದು ಪೊದೆಯನ್ನೂ ಬಿಲವನ್ನೂ ನೆನಪಿನಲ್ಲಿಟ್ಟುಕೊಂಡು ಬದುಕುವ ಜೀವಿ. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಜೊತೆಯಲ್ಲೇ ಹೂಳಲ್ಪಟ್ಟ ಸುಮಾರು 9,500 ವರ್ಷ ಹಳೆಯ ಬೆಕ್ಕಿನ ಅಸ್ಥಿಪಂಜರದ ವರದಿ 2004ರಲ್ಲಿ ಪ್ರಕಟವಾಯಿತು. ಅಂದರೆ ಮನುಷ್ಯನ ನೆರೆಯಲ್ಲಿ ಅದು ಬದುಕುತ್ತಿರುವುದು ಇಂದು ನಿನ್ನೆಯಿಂದಲ್ಲ. ಹಾಗಿದ್ದೂ ಅದರ ಈ ಮೂಲ ಲೆಕ್ಕಾಚಾರ ಬದಲಾಗಿಲ್ಲ. ಇಲಿಗೆ ಹುಲಿಯಾಗಿರುವ ಬೆಕ್ಕು ತನಗಿಂತ ದೊಡ್ಡ ಪ್ರಾಣಿಗಳಿಗೆ ತಾನೇ ಆಹಾರ. ಹೀಗಾಗಿ ಎಲ್ಲೆಯ ಗುರುತೇ ಇಲ್ಲದ ಕಡೆ ಬಂದು ಬಿದ್ದಾಗ ಅಡಗಿ ಕುಳಿತು, ಸುತ್ತಲಿನ ವಾಸನೆ, ಸದ್ದು, ಓಡಾಟದ ವೇಳೆ ಎಲ್ಲವನ್ನೂ ಲೆಕ್ಕ ಹಾಕುವುದೇ ಅದು ಬಲ್ಲ ಅತ್ಯಂತ ವಿವೇಕದ ಕೆಲಸ.

ಎಲ್ಲ ಬೆಕ್ಕುಗಳೂ ಒಂದೇ ಪ್ರಮಾಣದಲ್ಲಿ ಅಂಜುವುದಿಲ್ಲ, ಅದಕ್ಕೂ ಕಾರಣಗಳಿವೆ. ಮರಿ ಹುಟ್ಟಿದ 2ನೇ ವಾರದಿಂದ ಸುಮಾರು 7ನೇ ವಾರದವರೆಗಿನ ಅವಧಿಯಲ್ಲಿ ಯಾವುದು ಅಪಾಯ, ಯಾವುದು ಸಹಜ ಎಂಬ ತೀರ್ಮಾನ ಅದರ ಮಿದುಳಿನಲ್ಲಿ ಬಹುಮಟ್ಟಿಗೆ ನೆಲೆಗೊಳ್ಳುತ್ತದೆ. ಆ ದಿನಗಳಲ್ಲಿ ಮನುಷ್ಯರ ಕೈ ಸೋಕಿದ ಮರಿ ಮುಂದೆ ಮನುಷ್ಯರನ್ನು ಸಹಜವಾಗಿ ಸ್ವೀಕರಿಸುತ್ತದೆ. ಕಾರುಗಳ ಕೆಳಗೆ, ಮೀಟರ್ ಬೋರ್ಡಿನ ಸಂದಿಯಲ್ಲಿ ಬೆಳೆದ ಮರಿಗೆ ಆ ಪಾಠವನ್ನು ಆಮೇಲೆ ಕಲಿಸಲು ತಿಂಗಳುಗಟ್ಟಲೆ ಬೇಕು. ತಂದೆಯ ಸ್ವಭಾವವೂ ಮರಿಗೆ ಬರುತ್ತದೆ. ಸ್ನೇಹಶೀಲ ಗಂಡುಬೆಕ್ಕಿಗೆ ಹುಟ್ಟಿದ ಮರಿಗಳು ಹೊಸ ವಸ್ತುಗಳನ್ನೂ ಹೊಸ ಮನುಷ್ಯರನ್ನೂ ಹೆಚ್ಚು ಧೈರ್ಯದಿಂದ ಸಮೀಪಿಸುತ್ತವೆ ಎಂದು 1995ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ತಂದೆ ಮರಿಗಳನ್ನು ಸಾಕುವುದೇ ಇಲ್ಲವಾದ್ದರಿಂದ ಇದು ಕಲಿತದ್ದಲ್ಲ, ಹುಟ್ಟಿನಿಂದಲೇ ಬಂದದ್ದು. ಇವೆರಡೂ ಅಲ್ಲದ ಮೂರನೆಯ ಬಗೆಯ ಬೆಕ್ಕೂ ಉಂಟು. ಒಂದು ಮನೆಯಲ್ಲಿ ಮುದ್ದಾಗಿ ಬೆಳೆದು, ಮನೆಯವರು ಊರು ಬಿಟ್ಟದ್ದರಿಂದ ಕೈ ಬದಲಾದ ಬೆಕ್ಕು ಮೊದಲ ವಾರ ಕಾಡುಪ್ರಾಣಿಯಂತೆಯೇ ಕಂಡರೂ, ಅದಕ್ಕೆ ಮನುಷ್ಯರ ಭಯಕ್ಕಿಂತ ಜಾಗದ ಅಪರಿಚಿತತೆಯೇ ದೊಡ್ಡದಾದ್ದರಿಂದ ಬೇಗ ತಿರುಗಿಕೊಳ್ಳುತ್ತದೆ. ಇನ್ನು ಬೀದಿಯಲ್ಲೇ ಹುಟ್ಟಿ ಬೀದಿಯಲ್ಲೇ ಪ್ರಾಯಕ್ಕೆ ಬಂದ, ಮನುಷ್ಯರ ನೆರಳು ಕಂಡರೂ ಓಡುವ ಬೆಕ್ಕನ್ನು ಹಿಡಿದು ತಂದು ನಾಲ್ಕು ಗೋಡೆಯೊಳಗೆ ಕೂಡಿಹಾಕುವುದು ಉಪಕಾರವೆಂದು ನನಗೆ ಅನ್ನಿಸುವುದಿಲ್ಲ. ಅಂಥದ್ದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಲಸಿಕೆ ಹಾಕಿಸಿ, ಅದರ ಬೀದಿಗೇ ಬಿಟ್ಟು ಊಟ ಇಡುವುದು ಮೇಲು.

ಮನೆಗೆ ತಂದದ್ದೇ ಆದರೆ, ಇಡೀ ಮನೆಯನ್ನು ಅದರ ಮುಂದೆ ತೆರೆದಿಡದೆ ಒಂದೇ ಕೋಣೆಯನ್ನು ಕೊಡಬೇಕು. ಇದು ಬಂಧನದಂತೆ ತೋರಬಹುದು, ಆದರೆ ಹತ್ತು ಚದರದ ಮನೆಯನ್ನು ಒಂದೇ ದಿನದಲ್ಲಿ ಅರಿಯುವುದು ಬೆಕ್ಕಿಗೆ ಆಗದ ಕೆಲಸ. ಒಂದು ಕೋಣೆಯಾದರೆ ಎರಡು ಮೂರು ರಾತ್ರಿಗಳಲ್ಲಿ ಅದರದ್ದಾಗುತ್ತದೆ. ಜನರ ಓಡಾಟ ಕಡಿಮೆಯಿರುವ, ಕಿಟಕಿಗೆ ಗಟ್ಟಿಯಾದ ಜಾಲರಿಯಿರುವ ಕೋಣೆ ಒಳ್ಳೆಯದು. ಪಾರಿವಾಳ ತಡೆಯಲು ಹಾಕುವ ತೆಳು ನೈಲಾನ್ ಬಲೆಯನ್ನು ಗಾಬರಿಗೊಂಡ ಬೆಕ್ಕು ಕಚ್ಚಿ ಹರಿಯಬಲ್ಲದು, ಮೇಲಿನ ಮಹಡಿಗಳಲ್ಲಿ ಅದನ್ನು ನೆಚ್ಚಬಾರದು. ನಮ್ಮ ಮನೆಗಳಲ್ಲಿ ಹೆಚ್ಚಿನವರು ಬಚ್ಚಲುಮನೆಯನ್ನು ಆರಿಸುತ್ತಾರೆ, ತೊಳೆಯಲು ಸುಲಭವೆಂದು. ಒದ್ದೆ ನೆಲ, ಪ್ರತಿಧ್ವನಿ, ದಿನಕ್ಕೆ ಹತ್ತು ಬಾರಿ ತೆರೆಯುವ ಬಾಗಿಲು, ಏಕಾಏಕಿ ಸುರಿಯುವ ನೀರು, ಇವುಗಳಲ್ಲಿ ಒಂದೂ ಅಂಜುವ ಪ್ರಾಣಿಗೆ ಹಿಡಿಸುವಂಥದ್ದಲ್ಲ.

ಆ ಕೋಣೆಯಲ್ಲಿ ಅಡಗಲು ಜಾಗ ಇರಲೇಬೇಕು, ಆದರೆ ಅದು ನಾವು ಆರಿಸಿದ ಜಾಗವಾಗಿರಬೇಕು. ಬೀರುವಿನ ಹಿಂಭಾಗ, ಅಟ್ಟ, ಕೆಳಗಿನ ಬಟ್ಟೆ ಹರಿದ ಸೋಫಾದ ಹೊಟ್ಟೆ, ಇವನ್ನೆಲ್ಲ ಬೆಕ್ಕು ಬರುವ ಮೊದಲೇ ಮುಚ್ಚಿ, ಬದಲಿಗೆ ಒಂದು ರಟ್ಟಿನ ಪೆಟ್ಟಿಗೆಯನ್ನು ಮಗ್ಗುಲಾಗಿ ಮಲಗಿಸಿ, ಒಳಗೆ ಹಳೆಯ ಹತ್ತಿಸೀರೆಯ ಮಡಿಕೆ ಹಾಕಿ, ಬೆನ್ನು ಗೋಡೆಗೆ ಬರುವಂತೆ ಇಡಬೇಕು; ಒಂದೇ ಬಾಯಿಯಿದ್ದರೆ ಅದು ಬೋನಿನಂತಾಗುವುದರಿಂದ ಪಕ್ಕದಲ್ಲಿ ಇನ್ನೊಂದು ತೂತು ಕೊರೆದಿಡುವುದು ಜಾಣತನ. ನೆದರ್ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಆಶ್ರಯಧಾಮಕ್ಕೆ ಹೊಸದಾಗಿ ಬಂದ 19 ಬೆಕ್ಕುಗಳಲ್ಲಿ ಕೆಲವಕ್ಕೆ ಮಾತ್ರ ಇಂಥ ಪೆಟ್ಟಿಗೆ ಕೊಟ್ಟು ನೋಡಿದರು. 2014ರಲ್ಲಿ ಪ್ರಕಟವಾದ ಅವರ ವರದಿಯಂತೆ ಪೆಟ್ಟಿಗೆ ಸಿಕ್ಕವು ಹೊಸ ಜಾಗದ ಒತ್ತಡದಿಂದ ಬೇಗ ಚೇತರಿಸಿಕೊಂಡವು. ಅಡಗಲು ಬಿಟ್ಟರೆ ಅಲ್ಲೇ ಉಳಿದುಬಿಡುತ್ತದೆ ಎಂಬ ನಮ್ಮ ಆತಂಕಕ್ಕೆ ಇದು ನೇರ ಉತ್ತರ. ಪೆಟ್ಟಿಗೆಯ ಜೊತೆಗೆ ಹತ್ತಿ ಕೂರಲು ಒಂದು ಎತ್ತರದ ಜಾಗವೂ, ಉಗುರು ಮಸೆಯಲು ಗೋಣಿಯ ಹುರಿ ಸುತ್ತಿದ ಕಂಬವೂ ಇದ್ದರೆ ಸಾಕು. ಬೆಕ್ಕನ್ನು ತಂದ ಬುಟ್ಟಿಯನ್ನು ಮಾತ್ರ ಎತ್ತಿಡಬಾರದು. ಅದರ ಹಳೆಯ ವಾಸನೆ ಉಳಿದಿರುವುದು ಅಲ್ಲೊಂದರಲ್ಲೇ.

ಮಲಮೂತ್ರದ ಮರಳಿನ ತಟ್ಟೆಯನ್ನು ಊಟದಿಂದ ದೂರದ ಮೂಲೆಯಲ್ಲಿಟ್ಟು, ಎರಡು ಮೂರು ಅಂಗುಲ ದಪ್ಪ ಮರಳು ಹಾಕಬೇಕು. ಬೀದಿಯ ಬೆಕ್ಕಾದರೆ ಅಂಗಡಿಯ ಸುವಾಸನೆಯ ಮರಳಿಗಿಂತ ಸಾದಾ ಮರಳು ಅಥವಾ ಮಣ್ಣೇ ಅದಕ್ಕೆ ಗುರುತು. ತಟ್ಟೆಯನ್ನೂ ಕೋಣೆಯ ನೆಲವನ್ನೂ ಫಿನಾಯಿಲ್‌ನಿಂದ ತೊಳೆಯುವ ಅಭ್ಯಾಸವನ್ನು ಬಿಡಲೇಬೇಕು. ಇಂಥ ರಾಸಾಯನಿಕಗಳನ್ನು ಒಡೆದು ಹೊರಹಾಕಲು ಬೇಕಾದ ಕಿಣ್ವದ ಕೆಲಸ ಬೆಕ್ಕಿನ ಯಕೃತ್ತಿನಲ್ಲಿ ತೀರಾ ದುರ್ಬಲ. ಒದ್ದೆ ನೆಲದ ಮೇಲೆ ನಡೆದು, ಪಾದ ನೆಕ್ಕಿಕೊಂಡರೆ ವಿಷ ಒಳಗೆ ಹೋಗುತ್ತದೆ. (ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲುದಕ್ಕೂ ಇದೇ ದೌರ್ಬಲ್ಯ ಕಾರಣ.) ಸಾಬೂನಿನ ಬಿಸಿನೀರು ಸಾಕು.

ವಿಷದ ಮಾತು ಹಾಗಿರಲಿ, ವಾಸನೆಯ ಮಾತೇ ಬೇರೆ ಇದೆ. ಬೆಕ್ಕು ಮನೆಯನ್ನು ಕಣ್ಣಿಗಿಂತ ಮೊದಲು ಮೂಗಿನಿಂದ ಓದುತ್ತದೆ. ಅದರ ಕೆನ್ನೆ, ಗಲ್ಲ, ಹಣೆಗಳಲ್ಲಿ ವಾಸನೆಯ ಗ್ರಂಥಿಗಳಿದ್ದು, ಬಾಗಿಲ ಚೌಕಟ್ಟಿಗೂ ಮೇಜಿನ ಕಾಲಿಗೂ ಕೆನ್ನೆ ಉಜ್ಜಿ ಹೋಗುವುದು "ಇದು ನನ್ನ ಪರಿಚಯದ್ದು" ಎಂದು ತನಗೆ ತಾನೇ ಬರೆದುಕೊಳ್ಳುವ ಕ್ರಮ. ಹೊಸ ಬೆಕ್ಕು ಮೊದಲ ಬಾರಿಗೆ ಹೀಗೆ ಕೆನ್ನೆ ಉಜ್ಜಿತೆಂದರೆ ಅರ್ಧ ಕೆಲಸ ಮುಗಿದಂತೆ. ಅಂಥ ಕೋಣೆಯನ್ನು ದಿನಾ ಸುಗಂಧದ ದ್ರವದಿಂದ ಒರೆಸಿದರೆ, ಸಾಂಬ್ರಾಣಿ ಹೊಗೆ ತುಂಬಿದರೆ, ಅದು ಬರೆದದ್ದನ್ನೆಲ್ಲ ಅಳಿಸಿ ಮತ್ತೆ ಮೊದಲಿನಿಂದ ಬರೆಸಿದಂತಾಗುತ್ತದೆ. ಅದು ಮಲಗುವ ಬಟ್ಟೆಯನ್ನು ಒಂದೆರಡು ವಾರ ಒಗೆಯದೆ ಬಿಡುವುದೂ, ನಾವು ಉಟ್ಟು ಬಿಟ್ಟ ಒಂದು ಹಳೆಯ ಅಂಗಿಯನ್ನು ಪೆಟ್ಟಿಗೆಯ ಹತ್ತಿರ ಹಾಕಿಡುವುದೂ ಇದೇ ಕಾರಣಕ್ಕೆ. ನಮ್ಮ ದೇಹಕ್ಕಿಂತ ಮೊದಲು ನಮ್ಮ ವಾಸನೆ ಅದಕ್ಕೆ ರೂಢಿಯಾಗಲಿ.

ಸದ್ದಿನ ವಿಷಯದಲ್ಲಿ ನಮಗೆ ಕೇಳುವುದಷ್ಟೇ ಲೆಕ್ಕಕ್ಕೆ ಬಾರದು. ಮನುಷ್ಯರ ಕಿವಿ ಸುಮಾರು 20 ಸಾವಿರ ಹರ್ಟ್ಸ್‌ವರೆಗಿನ ಸದ್ದನ್ನು ಹಿಡಿದರೆ ಬೆಕ್ಕಿನದು 60 ಸಾವಿರವನ್ನೂ ದಾಟುತ್ತದೆ. ಇಲಿ ಓಡಿಸಲೆಂದು ಪ್ಲಗ್ಗಿಗೆ ಸಿಕ್ಕಿಸುವ ಸಣ್ಣ ಯಂತ್ರ ನಮ್ಮ ಮಟ್ಟಿಗೆ ಮೌನವಾಗಿದ್ದರೂ ಬೆಕ್ಕಿನ ಮಟ್ಟಿಗೆ ಹಗಲೂ ರಾತ್ರಿ ಅರಚುತ್ತಿರಬಹುದು, ಅದನ್ನು ಮೊದಲು ತೆಗೆಯಬೇಕು. ಕುಕ್ಕರಿನ ಸೀಟಿಯನ್ನೂ ಮಿಕ್ಸಿಯನ್ನೂ ನಿಲ್ಲಿಸಲಾಗುವುದಿಲ್ಲ. ಕೋಣೆಯ ಬಾಗಿಲು ಮುಚ್ಚಿದ್ದು, ದಿನಾ ಅದೇ ಹೊತ್ತಿಗೆ ಕೇಳಿಬಂದರೆ ಬೆಕ್ಕು ಅವಕ್ಕೆ ಒಗ್ಗುತ್ತದೆ. ದೀಪಾವಳಿಯ ಹಿಂದಿನ ವಾರದಲ್ಲಂತೂ ಹೊಸ ಬೆಕ್ಕನ್ನು ತರಲೇಬಾರದು.

ಮೊದಲ ದಿನ ಅದು ಏನನ್ನೂ ತಿನ್ನದಿರುವುದು ಸಾಮಾನ್ಯ. ಎರಡನೆಯ ದಿನ ಬಟ್ಟಲು ರಾತ್ರಿ ಖಾಲಿಯಾಗಬೇಕು. ನಾವು ನಮ್ಮ ಬೆಕ್ಕಿನ ಇರವನ್ನು ಅರಿತದ್ದೇ ರಾತ್ರಿ ಎರಡರ ಹೊತ್ತಿಗೆ, ಪಕ್ಕದ ಕೋಣೆಯಿಂದ ಬರುತ್ತಿದ್ದ ಮರಳು ಕೆದರುವ ಸದ್ದಿನಿಂದ. ಬೆಳಿಗ್ಗೆ ನೋಡಿದರೆ ತಟ್ಟೆಯಲ್ಲಿ ಒಂದು ಪುಟ್ಟ ಗುಡ್ಡೆ, ಬಟ್ಟಲಿನ ಅಂಚಿನಲ್ಲಿ ಎರಡು ಕಾಳು. ಬೆಕ್ಕು ಮಾತ್ರ ಮೆಷಿನ್ನಿನ ಹಿಂದೆ, ಸಂಜೆ ಇದ್ದ ಹಾಗೆಯೇ. ಕಣ್ಣಿಗೆ ಬೀಳದ ಬೆಕ್ಕಿನ ಆರೋಗ್ಯವನ್ನು ಹೀಗೆ ಬಟ್ಟಲು ಮತ್ತು ತಟ್ಟೆಗಳಿಂದಲೇ ತಿಳಿಯಬೇಕಾಗುತ್ತದೆ. ಎರಡು ದಿನ ಪೂರ್ತಿ ಒಂದು ತುತ್ತೂ ತಿನ್ನದಿದ್ದರೆ ನಾಚಿಕೆಯೆಂದು ಸುಮ್ಮನಿರದೆ ಪಶುವೈದ್ಯರನ್ನು ಕಾಣಬೇಕು, ಎಳೆಯ ಮರಿಯಾದರೆ ಅದೇ ದಿನ. ಉಪವಾಸವಿದ್ದ ಬೆಕ್ಕಿನ ದೇಹ ಕೊಬ್ಬನ್ನು ಕರಗಿಸಿ ಯಕೃತ್ತಿಗೆ ಕಳುಹಿಸುತ್ತದೆ, ಆ ಕೊಬ್ಬನ್ನು ನಿಭಾಯಿಸಲಾಗದೆ ಯಕೃತ್ತು ತಾನೇ ಕೊಬ್ಬಿನಿಂದ ತುಂಬಿ ಕೆಡುತ್ತದೆ. ದಪ್ಪ ಬೆಕ್ಕುಗಳಿಗೆ ಈ ಅಪಾಯ ಹೆಚ್ಚು. ಹಾಗೆಯೇ ಭಯದ ಒತ್ತಡ ಮೂತ್ರಕೋಶದ ಉರಿಯೂತವನ್ನೂ ತರಬಲ್ಲದು. ಗಂಡುಬೆಕ್ಕು ಮರಳಿನಲ್ಲಿ ಮತ್ತೆ ಮತ್ತೆ ಕುಳಿತು ಮುಕ್ಕಿದರೂ ಹನಿ ಮೂತ್ರ ಬಾರದಿದ್ದರೆ, ನಾಳೆಗೆಂದು ಕಾಯದೆ ಆ ಗಂಟೆಯಲ್ಲೇ ಆಸ್ಪತ್ರೆಗೆ ಹೊರಡಬೇಕು.

ಮೊದಲ ವಾರ ಊಟವನ್ನು ಬದಲಿಸದಿರುವುದು ಒಳ್ಳೆಯದು, ಹಿಂದಿದ್ದ ಕಡೆ ಏನು ತಿನ್ನುತ್ತಿತ್ತೋ ಅದನ್ನೇ ಕೊಡಬೇಕು. ಹಸಿವು ಕೆರಳಿಸಲು ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಏನೂ ಹಾಕದೆ ಬೇಯಿಸಿ ಮುಳ್ಳು ತೆಗೆದ ಭೂತಾಯಿ ಮೀನಿನ ಒಂದು ಚೂರಿಗೆ ಸಮಾನವಾದದ್ದಿಲ್ಲ. ಮೀನು ಮಾಂಸ ಬಾರದ ಮನೆಗಳಲ್ಲಿ ಹಾಲನ್ನ, ಮೊಸರನ್ನದಲ್ಲೇ ಬೆಕ್ಕನ್ನು ಸಾಕುವ ಪದ್ಧತಿ ನಮ್ಮಲ್ಲಿ ಹಳೆಯದು, ಹಿಂದೆ ಅದು ನಡೆದದ್ದು ಬೆಕ್ಕು ಹೊರಗೆ ಇಲಿ ಹಲ್ಲಿ ಹಿಡಿದು ತಿನ್ನುತ್ತಿದ್ದುದರಿಂದ. ಮುಖ್ಯವಾಗಿ ಮೀನು ಮಾಂಸಗಳಲ್ಲಿ ಸಿಗುವ ಟಾರಿನ್ ಎಂಬ ಸತ್ವವನ್ನು ಬೆಕ್ಕಿನ ದೇಹ ಬೇಕಾದಷ್ಟು ತಯಾರಿಸಿಕೊಳ್ಳಲಾರದು. ಅದರ ಕೊರತೆಯಿಂದ ಹೃದಯದ ಸ್ನಾಯು ಸೋಲುತ್ತದೆ ಎಂಬುದನ್ನು ಕ್ಯಾಲಿಫೋರ್ನಿಯಾದ ಪಶುವೈದ್ಯ ಸಂಶೋಧಕರು 1987ರಲ್ಲಿ ತೋರಿಸಿಕೊಟ್ಟರು. ಫ್ಲ್ಯಾಟಿನೊಳಗೇ ಇರುವ ಬೆಕ್ಕಿಗೆ ಅಂಗಡಿಯ ಬೆಕ್ಕಿನ ಆಹಾರವನ್ನಾದರೂ ಕೊಡಬೇಕು. ಹಾಲು ಬಹಳಷ್ಟು ಪ್ರಾಯದ ಬೆಕ್ಕುಗಳಿಗೆ ಜೀರ್ಣವಾಗದೆ ಭೇದಿಯಾಗುತ್ತದೆ, ಅಂಜಿ ಕುಳಿತ ಬೆಕ್ಕಿಗೆ ಅದೊಂದು ಹೆಚ್ಚಿನ ಕಷ್ಟ.

ಇನ್ನು ಮನುಷ್ಯರಿಗೆ ಒಗ್ಗಿಸುವ ಮಾತು. ಪ್ರತಿಯೊಂದು ಅಂಜುವ ಪ್ರಾಣಿಯ ಸುತ್ತಲೂ ಕಾಣದ ಒಂದು ಗೆರೆಯಿರುತ್ತದೆ. ಆ ಗೆರೆಯ ಆಚೆ ನಾವಿದ್ದರೆ ಅದು ನಮ್ಮನ್ನು ಗಮನಿಸುತ್ತದೆ, ಯೋಚಿಸುತ್ತದೆ, ಕಲಿಯುತ್ತದೆ. ಈಚೆ ಬಂದೆವೋ, ಓಡುವುದಕ್ಕೂ ಹೋರಾಡುವುದಕ್ಕೂ ದೇಹ ಸಜ್ಜಾಗಿ, ಹಸಿವು ಅಡಗಿ, ಭಯವೊಂದೇ ಉಳಿಯುತ್ತದೆ. ಗೆರೆ ಎಲ್ಲಿದೆಯೆಂದು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ: ನಾವಿರುವಾಗ ಅದು ತಿನ್ನುತ್ತದೆಯೇ? ತಿನ್ನದಿದ್ದರೆ ನಾವು ಹೆಚ್ಚು ಹತ್ತಿರವಿದ್ದೇವೆ. ಆದ್ದರಿಂದ ದಿನಾ ಅದೇ ಹೊತ್ತಿಗೆ ಕೋಣೆಗೆ ಹೋಗಿ, ಅದಕ್ಕೆ ಪಕ್ಕ ತಿರುಗಿ ನೆಲದ ಮೇಲೆ ಕುಳಿತು, ಬಟ್ಟಲನ್ನು ಅದರ ಪೆಟ್ಟಿಗೆಯ ಬಾಯಲ್ಲಿಟ್ಟು, ನಾವು ಬಾಗಿಲ ಬಳಿಯೇ ಇದ್ದು, ಪತ್ರಿಕೆಯನ್ನು ತಗ್ಗಿದ ದನಿಯಲ್ಲಿ ಓದುತ್ತಿರಬೇಕು. ಅದು ತಿಂದರೆ ಮರುದಿನ ಬಟ್ಟಲನ್ನು ನಮ್ಮ ಕಡೆಗೆ ಒಂದು ಗೇಣು ಸರಿಸಬೇಕು. ತಿನ್ನದಿದ್ದರೆ ಎರಡು ಗೇಣು ಹಿಂದಕ್ಕೆ. ನಾನು ಹೀಗೆ ನೆಲದ ಹಾಸುಗಲ್ಲಿನ ಗೆರೆಗಳನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದೆ. ಏಳು ಕಲ್ಲು ದಾಟಲು 23 ದಿನಗಳಾದವು, ಮಧ್ಯದಲ್ಲಿ ಮೇಲಿನ ಮನೆಯವರು ಗೋಡೆ ಕೊರೆಸಿದ ವಾರ ಮೂರು ಕಲ್ಲು ಹಿಂದೆ ಹೋದೆವು.

ಇದೆಲ್ಲ ಏಕೆ, ಹಿಡಿದೆಳೆದು ತೊಡೆಯ ಮೇಲೆ ಕೂರಿಸಿಕೊಂಡರೆ ತಾನಾಗಿ ಒಗ್ಗುತ್ತದೆ ಎನ್ನುವವರಿಗೆ ತೆನಾಲಿ ರಾಮಕೃಷ್ಣನ ಬೆಕ್ಕನ್ನು ನೆನಪಿಸಬೇಕಾಗುತ್ತದೆ. ಮೊದಲ ದಿನವೇ ಕುದಿಯುವ ಹಾಲಿಗೆ ಮೂತಿಯಿಟ್ಟು ಸುಟ್ಟುಕೊಂಡ ಆ ಬೆಕ್ಕು, ಕೃಷ್ಣದೇವರಾಯನ ಮುಂದೆ ತಣ್ಣನೆಯ ಹಾಲಿಟ್ಟರೂ ಕಂಡೊಡನೆ ಓಡಿತಂತೆ. ಕಥೆಯನ್ನು ನಾವು ರಾಮಕೃಷ್ಣನ ಚಾಲಾಕಿತನಕ್ಕೆಂದು ಹೇಳುತ್ತೇವೆ, ಆದರೆ ಅದರೊಳಗಿರುವ ಪ್ರಾಣಿ ಮನೋವಿಜ್ಞಾನ ಸರಿಯಾದದ್ದೇ: ಅಪಾಯದ ಪಾಠ ಒಂದೇ ಬಾರಿಗೆ ಕೂರುತ್ತದೆ, ಭದ್ರತೆಯ ಪಾಠಕ್ಕೆ ನೂರು ಬಾರಿ ಬೇಕು. ಎಳೆದು ತಂದ ಬೆಕ್ಕು ಮಿಸುಕದೆ ತೊಡೆಯ ಮೇಲೆ ಕುಳಿತರೆ ಅದನ್ನು ಒಪ್ಪಿಗೆಯೆಂದು ತಿಳಿಯುವುದು ತಪ್ಪು. ಕಣ್ಣಿನ ಪಾಪೆ ಅಗಲವಾಗಿ, ಕಿವಿ ಪಕ್ಕಕ್ಕೆ ಒರಗಿ, ಬಾಲ ಮೈಗೆ ಅಂಟಿ, ಉಸಿರು ಮೇಲಿಂದ ಮೇಲೆ ಬರುತ್ತಿದ್ದರೆ ಅದು ಭಯದಿಂದ ಮರಗಟ್ಟಿದೆ. ಬುಸ್ಸೆಂದರೆ ಬೈಯಬಾರದು, "ಇನ್ನೂ ಸ್ವಲ್ಪ ದೂರ ಇರಿ" ಎಂದು ಹೇಳಲು ಅದಕ್ಕಿರುವ ಕೊನೆಯ ಸಭ್ಯ ಮಾತು ಅದು, ಅದನ್ನೂ ಕೇಳದಿದ್ದರೆ ಉಗುರು ಬರುತ್ತದೆ.

ಕಣ್ಣಿಟ್ಟು ನೋಡುವುದು ಬೆಕ್ಕುಗಳ ಲೋಕದಲ್ಲಿ ಜಗಳಕ್ಕೆ ಕರೆ. ಬದಲಾಗಿ, ಅದು ನಮ್ಮತ್ತ ನೋಡಿದಾಗ ರೆಪ್ಪೆಯನ್ನು ನಿಧಾನವಾಗಿ ಇಳಿಸಿ, ಅರೆಗಣ್ಣಾಗಿ, ಮತ್ತೆ ತೆರೆಯಬೇಕು. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹೀಗೆ ಕಣ್ಣು ಮಿಟುಕಿಸಿದವರಿಗೆ ಬೆಕ್ಕುಗಳು ಹಾಗೆಯೇ ಮಿಟುಕಿಸಿ ಉತ್ತರಿಸಿದವು, ಅಪರಿಚಿತರು ಮಿಟುಕಿಸಿ ಕೈ ಚಾಚಿದಾಗ ಆ ಕೈಯ ಬಳಿ ಬರುವ ಸಾಧ್ಯತೆಯೂ ಹೆಚ್ಚಾಯಿತು. ಹತ್ತಿರ ಬಂದಾಗ ತಲೆಯ ಮೇಲಿಂದ ಕೈ ತರದೆ, ಅದರ ಮೂಗಿನ ಎತ್ತರಕ್ಕೆ ಒಂದು ಬೆರಳನ್ನು ಚಾಚಿ ಹಿಡಿದು ಕಾಯಬೇಕು. ಮೂಸಿ ಕೆನ್ನೆ ಒತ್ತಿದರೆ ಕೆನ್ನೆ, ಗಲ್ಲಗಳನ್ನಷ್ಟೇ ಮೂರು ನಾಲ್ಕು ಸೆಕೆಂಡು ಸವರಿ ಕೈ ತೆಗೆಯಬೇಕು. ಮತ್ತೆ ಒತ್ತಿದರೆ ಮತ್ತೆ. ಮುಟ್ಟಲಾಗದ ಬೆಕ್ಕಿಗೆ ಕೋಲಿನ ತುದಿಗೆ ಕಟ್ಟಿದ ದಾರದ ಆಟ ಒಳ್ಳೆಯ ಸೇತುವೆ, ಬೇಟೆಯ ಗುಂಗಿನಲ್ಲಿ ಅದು ಕೋಲಿನ ಈ ತುದಿಯಲ್ಲಿರುವ ಮನುಷ್ಯರನ್ನು ಸ್ವಲ್ಪ ಹೊತ್ತು ಮರೆಯುತ್ತದೆ.

ಕೋಣೆಯಲ್ಲಿ ಹಗಲಿನಲ್ಲೂ ಬಾಲವೆತ್ತಿ ಓಡಾಡತೊಡಗಿ, ನಮ್ಮ ಮುಂದೆಯೇ ತಿಂದು ಮೈ ನೆಕ್ಕಿಕೊಳ್ಳುವಂತಾದ ಮೇಲೆ ಬಾಗಿಲು ತೆರೆಯಬಹುದು. ಮನೆ ನಿಶ್ಶಬ್ದವಾದ ರಾತ್ರಿಯಲ್ಲಿ, ಒಂದೊಂದು ಕೋಣೆಯಂತೆ, ಹಿಂತಿರುಗುವ ದಾರಿಯನ್ನು ಮುಚ್ಚದೆ. ಮನೆಯಲ್ಲಿ ಮೊದಲೇ ಒಂದು ಬೆಕ್ಕಿದ್ದರೆ ಇಬ್ಬರ ಬಟ್ಟೆಗಳನ್ನು ಅದಲುಬದಲು ಮಾಡಿ, ಮುಚ್ಚಿದ ಬಾಗಿಲಿನ ಎರಡೂ ಕಡೆ ಊಟವಿಟ್ಟು, ವಾಸನೆಯಲ್ಲೇ ಪರಿಚಯ ಮುಗಿದ ಮೇಲಷ್ಟೇ ಮುಖ ತೋರಿಸಬೇಕು. ಮರಳಿನ ತಟ್ಟೆ ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚಿರಲಿ. ಬೆಕ್ಕು ಸಾಕುವವರು ಇದಕ್ಕೆಲ್ಲ ಮೂರು ದಿನ, ಮೂರು ವಾರ, ಮೂರು ತಿಂಗಳ ಲೆಕ್ಕ ಹೇಳುತ್ತಾರೆ: ಮೂರು ದಿನಕ್ಕೆ ಗಾಬರಿ ತಗ್ಗುತ್ತದೆ, ಮೂರು ವಾರಕ್ಕೆ ದಿನಚರಿ ತಿಳಿಯುತ್ತದೆ, ಮೂರು ತಿಂಗಳಿಗೆ ಮನೆ ತನ್ನದಾಗುತ್ತದೆ. ಇದು ಅಂದಾಜಿನ ಲೆಕ್ಕವೇ ಹೊರತು ಗಡುವಲ್ಲ. ಬೀದಿಯಿಂದ ಬಂದ ಪ್ರಾಯದ ಬೆಕ್ಕುಗಳಲ್ಲಿ ಮೂರು ತಿಂಗಳು ಒಂದು ವರ್ಷವಾಗುವುದೂ ಉಂಟು, ಕೆಲವು ಎಂದಿಗೂ ತೊಡೆ ಏರುವುದಿಲ್ಲ.

ನಮ್ಮದೂ ಏರಿಲ್ಲ. ಸಂಜೆ ನಾನು ಕುಳಿತ ಕುರ್ಚಿಯಿಂದ ಎರಡು ಗೇಣು ದೂರದಲ್ಲಿ, ಬೆನ್ನು ನನ್ನ ಕಡೆಗಿಟ್ಟು ಮಲಗುತ್ತದೆ. ಕರೆಗಂಟೆ ಬಾರಿಸಿದರೆ ಕಾಣೆಯಾಗುತ್ತದೆ. ಕಳೆದ ತಿಂಗಳು ಅದರ ರಟ್ಟಿನ ಪೆಟ್ಟಿಗೆ ಪೂರಾ ಹರಿದುಹೋಗಿ ಹೊಸದನ್ನು ತಂದಿಟ್ಟಾಗ, ನಾಲ್ಕು ದಿನ ಅದರ ಹತ್ತಿರವೂ ಸುಳಿಯಲಿಲ್ಲ. ಹಳೆಯ ಪೆಟ್ಟಿಗೆಯ ಒಂದು ಪಕ್ಕೆಯನ್ನು, ಅದು ಕೆನ್ನೆ ಉಜ್ಜಿ ಉಜ್ಜಿ ಕಪ್ಪಾಗಿದ್ದ ಅಂಚಿನ ಸಮೇತ ಕತ್ತರಿಸಿ, ಹೊಸದರ ಬಾಯಿಗೆ ಅಂಟಿಸಿದೆವು. ಅಂದು ರಾತ್ರಿಯೇ ಒಳಗೆ ಹೋಗಿ ಮಲಗಿತು.